ಮಾವನ ಎಡಗೈ

ಮಾರ್ಚ್ 3, ಸೋಮವಾರ

ಇವರು ಹಡಗಿನ ಕೆಲಸಕ್ಕೆ ಹೊರಟು ಒಂಬತ್ತು ದಿನವಾಯಿತು. ಮಾವ ನಮ್ಮ ಮನೆಗೆ ಬಂದು ಹನ್ನೊಂದು. ಅಂದರೆ ಅಪ್ಪ ಮಗ ಒಂದೇ ಸೂರಿನಡಿ ಇದ್ದದ್ದು ಎರಡೇ ದಿನ; ಉಳಿದದ್ದೆಲ್ಲ ನನ್ನ ಪಾಲು. ಮಾವ ಬಾಡಿಗೆಗಿದ್ದ ಕಟ್ಟಡವನ್ನು ಕೆಡವುತ್ತಿದ್ದಾರೆ. ನಾದಿನಿಯ ಹೊಸ ಮನೆ ಮೇ ಕೊನೆಗೆ ಸಿದ್ಧವಾಗುತ್ತದಂತೆ, ಆಮೇಲೆ ಅಲ್ಲಿಗೆ ಹೋಗುತ್ತಾರೆ. ಇವತ್ತಿಗೆ ಎಂಬತ್ತನಾಲ್ಕು ದಿನ ಬಾಕಿ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಅವರ ಕಣ್ಣಿಗೆ ಬೀಳುತ್ತದೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಕೆಟ್ಟವರಲ್ಲ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು. ನಲವತ್ತೈದು ವರ್ಷ ಕೊಳಾಯಿ ಕೆಲಸ ಮಾಡಿದವರು. ನಿವೃತ್ತಿ ಎಂಬ ಪದ ಅವರ ಕಿವಿಗೆ ಬಿದ್ದಂತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಚ್ಚಲಿನ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಾರೆ. ಒಳಗೆ ಪೈಪು ಕೆಮ್ಮುತ್ತಿದೆಯಂತೆ. ಇವತ್ತು ಅದನ್ನು ಪರೀಕ್ಷಿಸಲೆಂದು ಮುಖ್ಯ ವಾಲ್ವ್ ಬಂದ್ ಮಾಡಿ, ಹಾಗೇ ಮರೆತು ವಾಕಿಂಗ್ ಹೋದರು. ನಾನು ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿದ್ದೆ. ಕಾರ್ಖಾನೆಯ ಬಸ್ಸು ತಪ್ಪಿತು.

ಕಾರ್ಖಾನೆಯಲ್ಲಿ ಬೇರೆ ತಲೆನೋವು. ನಾವು ತಯಾರಿಸುವುದು ಶ್ರೀಮಂತರು ಕಟ್ಟುವ ವಾಚುಗಳು. ಪರೀಕ್ಷಾ ವಿಭಾಗದಲ್ಲಿ ಅವನ್ನು ಹನ್ನೊಂದು ವರ್ಷದಿಂದ ಉಜ್ಜಿ, ಕುಟ್ಟಿ, ನೆನೆಸಿ, ಎಷ್ಟು ತಾಳುತ್ತವೆ ಎಂದು ನೋಡುವವಳು ನಾನು. ಜೂನಿನಲ್ಲಿ ಬಿಡುಗಡೆಯಾಗುವ ಹೊಸ ವಾಚಿಗೆ ಉಕ್ಕಿನ ಚೈನು, ಉಕ್ಕಿನ ಮೇಲೆ ಹತ್ತು ಮೈಕ್ರಾನ್ ಚಿನ್ನದ ಪದರ. ಒಂದು ಕೂದಲನ್ನು ಏಳಾಗಿ ಸೀಳಿದರೆ ಒಂದು ಸೀಳಿನಷ್ಟು ದಪ್ಪ. ಜಾಹೀರಾತಿನಲ್ಲಿ ‘ಇಪ್ಪತ್ತು ವರ್ಷ ಮಾಸದ ಹೊಳಪು’ ಎಂದು ಹಾಕುತ್ತಾರೆ. ಕಲ್ಲುಹರಳು ತುಂಬಿದ ಉರುಳುಯಂತ್ರದಲ್ಲಿ ಇನ್ನೂರು ಗಂಟೆ ಉಜ್ಜಿಸಿದ್ದೇನೆ, ಕೃತಕ ಬೆವರಿನಲ್ಲಿ ನೆನೆಸಿದ್ದೇನೆ, ಪಾಸಾಗಿದೆ, ಫೆಬ್ರವರಿಯಲ್ಲೇ ವರದಿಗೆ ಸಹಿ ಹಾಕಿದ್ದೇನೆ. ಉಳಿದಿರುವುದು ಕಟ್ಟಿ ನೋಡುವ ಪರೀಕ್ಷೆ: ಹನ್ನೆರಡು ಜನ, ಹನ್ನೆರಡು ವಾರ. ಹನ್ನೊಂದು ಜನ ಕಚೇರಿಯವರೇ; ಹನ್ನೆರಡನೆಯ ಹೆಸರು ಇವರದೆಂದು ಬರೆಸಿದ್ದೆ, ಇವರು ಹಡಗು ಹತ್ತಿಬಿಟ್ಟರು. ಯಾವ ಗಂಡಸಿನ ಮಣಿಕಟ್ಟಾದರೂ ಆದೀತು, ಇವತ್ತೇ ಶುರುವಾಗಬೇಕು ಎಂದರು ನಮ್ಮ ಮುಖ್ಯಸ್ಥರು. ಮನೆಯಲ್ಲಿ ಇನ್ನಾವ ಗಂಡಸಿದ್ದಾರೆ?

ಸಂಜೆ ಮಾವನ ಎಡಗೈಗೆ ಕಟ್ಟಿದೆ. ತಿರುಗಿಸಿ ತಿರುಗಿಸಿ ನೋಡಿ, ಗಿಲೀಟಾ ಅಂದರು. ಗಿಲೀಟಲ್ಲ ಮಾವ, ಪದರ ಅಂದೆ. ಸರಿ ಬಿಡಮ್ಮ ಅಂದರು, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ.

ಮಾರ್ಚ್ 5, ಬುಧವಾರ

ಕೆಲಸದಲ್ಲಿ ನಾನೇನು ಮಾಡುತ್ತೇನೆ ಎಂದು ಕೇಳಿದರು. ಉಪ್ಪು, ಯೂರಿಯಾ, ಲ್ಯಾಕ್ಟಿಕ್ ಆಮ್ಲ ಬೆರೆಸಿ ಬೆವರು ತಯಾರಿಸುತ್ತೇವೆ ಎಂದೆ. ಬೆವರು ಮಾಡೋಕೆ ಸಂಬಳ ಕೊಟ್ಟು ಜನ ಇಟ್ಕೊಂಡಿದ್ದಾರಾ ಎಂದು ಊಟ ಮುಗಿಯುವವರೆಗೂ ನಕ್ಕರು. ಎಂಬತ್ತೆರಡು.

ಮಾರ್ಚ್ 9, ಭಾನುವಾರ

ವಾರಕ್ಕೊಂದು ರಜೆ. ಅದರಲ್ಲಿ ಬೆಳಿಗ್ಗೆಯಿಂದ ಬಾಗಿಲು ತೆಗೆಯುವುದೇ ಕೆಲಸವಾಯಿತು. ಕೆಳಗಿನ ಮನೆಯ ಟೀಚರಮ್ಮನ ಸಿಂಕು ಕಟ್ಟಿಕೊಂಡದ್ದನ್ನು ಮಾವ ಬಿಡಿಸಿಕೊಟ್ಟಿದ್ದಾರೆ; ಸುದ್ದಿ ನಾಲ್ಕು ಮಹಡಿಗೂ ಹಬ್ಬಿದೆ. ಒಬ್ಬರಿಗೆ ಗೀಸರು, ಒಬ್ಬರಿಗೆ ಫ್ಲಶ್ಶು. ಯಾರನ್ನೂ ಇಲ್ಲ ಎಂದು ಕಳಿಸುವ ಜಾಯಮಾನವಲ್ಲ ಮಾವನದು.

ಸಂಜೆ ನೋಡುತ್ತೇನೆ, ವಾಚಿನ ಸಮೇತ ಮೊಣಕೈವರೆಗೆ ಮಸಿ. ಕೆಲಸ ಮಾಡುವಾಗ ತೆಗೆದಿಡಬಾರದೇ ಎಂದರೆ, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ನಾನು ಕೊಟ್ಟ ಫಾರಮ್ಮನ್ನೇ ತಂದು ಓದಿದರು. ‘ದಿನವಿಡೀ ಧರಿಸಿರಬೇಕು. ಎಂದಿನ ಎಲ್ಲ ಕೆಲಸಗಳನ್ನೂ ಮಾಡಬೇಕು.’ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಆ ವಾಕ್ಯ ಬರೆದವಳೇ ನಾನು.

ಎಪ್ಪತ್ತೆಂಟು.

ಮಾರ್ಚ್ 18, ಮಂಗಳವಾರ

ತೊಳೆದ ತಟ್ಟೆಗಳ ನಡುವೆ ಪೈಪು ತಿರುಪುವ ಸ್ಪ್ಯಾನರ್ ಒಣಗುತ್ತಿತ್ತು. ಅದನ್ನೂ ಸೋಪು ಹಾಕಿ ತೊಳೆದಿದ್ದೇನೆ ಎಂದರು, ನಾನು ಮೆಚ್ಚಿಕೊಳ್ಳಬೇಕು ಎಂಬಂತೆ.

ಹಡಗಿನಿಂದ ಫೋನು ಬಂತು. ಅರ್ಧ ಮಾತು ಸಮುದ್ರಕ್ಕೆ ಹೋಗುತ್ತದೆ. ನಿಮ್ಮಪ್ಪನ ಸ್ಪ್ಯಾನರು, ನಿಮ್ಮಪ್ಪನ ವಾಲ್ವು ಎಂದು ದೂರು ಹೇಳಿದೆ. ಅಪ್ಪ ಹಾಗೇ, ಬಿಟ್ಟುಬಿಡು ಎಂದರು. ಇನ್ನು ಅರವತ್ತೊಂಬತ್ತು ದಿನ, ಬಿಟ್ಟೇ ಬಿಡುತ್ತೇನೆ ಎಂದು ಮೆಸೇಜು ಹಾಕಿದೆ. ಸಾವಿರಾರು ಮೈಲಿ ದೂರದಲ್ಲಿ ಕೂತು ‘ಬಿಟ್ಟುಬಿಡು’ ಅನ್ನುವುದು ಸುಲಭ.

ಒಂದೇ ಒಳ್ಳೆಯ ಸುದ್ದಿ: ಈ ವಾಚು ಹೊರಬಂದ ಮೇಲೆ ವಿಭಾಗದ ಹೊಣೆ ನನಗೆ ಬರಬಹುದು ಎಂದು ಮುಖ್ಯಸ್ಥರು ಸುಳಿವು ಕೊಟ್ಟರು. ಹನ್ನೊಂದು ವರ್ಷಕ್ಕೆ ಒಂದು ಸುಳಿವು.

ಮಾರ್ಚ್ 29, ಶನಿವಾರ

ಬಚ್ಚಲ ಗೋಡೆ ಒಡೆದಿದ್ದಾರೆ. ಕೆಮ್ಮುವ ಪೈಪು ಸಿಕ್ಕಿತಂತೆ. ನನಗೆ ಬರೆಯಲು ಶಕ್ತಿಯಿಲ್ಲ. ಐವತ್ತೆಂಟು.

ಏಪ್ರಿಲ್ 8, ಮಂಗಳವಾರ

ಊಟದ ಮೇಜಿನಲ್ಲಿ ಮಾವ ಕಿತ್ತಳೆ ಸುಲಿಯುತ್ತಿದ್ದರು. ದೀಪದ ಬೆಳಕಿನಲ್ಲಿ ಅವರ ಮಣಿಕಟ್ಟು ಬಗ್ಗಿದಾಗಲೆಲ್ಲ ಚೈನಿನ ಕೊಂಡಿಗಳ ನಡುವೆ ಏನೋ ಬೆಳ್ಳಗೆ ಮಿಂಚಿತು. ಕೈ ಹಿಡಿದೆಳೆದು ನೋಡಿದೆ. ಮೇಲೆಲ್ಲ ಚಿನ್ನ, ಕೊಂಡಿಗೆ ಕೊಂಡಿ ತಾಗುವ ಬದಿಗಳಲ್ಲಿ ಬೋಳು ಉಕ್ಕು. ಒಂದಲ್ಲ ಎರಡಲ್ಲ, ಏಳು ಕೊಂಡಿಗಳಲ್ಲಿ. ಇಪ್ಪತ್ತು ವರ್ಷ ಬಾಳಬೇಕಾದದ್ದು ಐದು ವಾರಕ್ಕೆ!

ಬಾಯಿಗೆ ಬಂದದ್ದು ಅಂದೆ. ಹನ್ನೊಂದು ಜನರ ಕೈಯಲ್ಲಿ ಚೆನ್ನಾಗಿರೋದು ನಿಮ್ಮ ಕೈಗೆ ಬಂದು ಹಾಳಾಯ್ತು, ಯಾವ ಸಾಮಾನು ಹೇಗೆ ನೋಡ್ಕೋಬೇಕು ಅಂತ ಗೊತ್ತಿಲ್ಲದವರಿಗೆ ಕಟ್ಟಿದ್ದೇ ನನ್ನ ತಪ್ಪು ಅಂದೆ. ಮಾವ ಕಿತ್ತಳೆಯ ರಸ ಒರೆಸಿಕೊಂಡು ವಾಚು ಬಿಚ್ಚಿ, ಜೇಬಿನ ಕರ್ಚೀಫು ಹಾಸಿ, ಅದರ ಮೇಲೆ ಮೆಲ್ಲಗೆ ಇಟ್ಟರು. ಸರಿ ಬಿಡಮ್ಮ ಅಂದರು. ಸುಲಿದ ಹಣ್ಣು ತಟ್ಟೆಯಲ್ಲೇ ಉಳಿಯಿತು.

ನಾನು ಅಂದದ್ದರಲ್ಲಿ ಸುಳ್ಳೇನೂ ಇಲ್ಲ. ನಲವತ್ತೆಂಟು.

ಏಪ್ರಿಲ್ 9, ಬುಧವಾರ

ವಾಚನ್ನು ಪ್ರಯೋಗಾಲಯಕ್ಕೆ ಒಯ್ದು ಅಳೆದೆ. ಮೇಲ್ಮೈಯಲ್ಲಿ ಒಂಬತ್ತೂವರೆ ಮೈಕ್ರಾನ್, ಸವೆದೇ ಇಲ್ಲ ಅನ್ನಬೇಕು. ಬದಿಗಳಲ್ಲಿ ಸೊನ್ನೆ. ಹೊಸ ಚೈನೊಂದರ ಬದಿ ಅಳೆದರೆ ಅಲ್ಲೂ ಮೂರೇ ಮೈಕ್ರಾನ್. ಲೇಪನದ ತೊಟ್ಟಿಯಲ್ಲಿ ಸಂದಿಗಳಿಗೆ ಚಿನ್ನ ಅಷ್ಟಾಗಿ ಹತ್ತುವುದಿಲ್ಲ. ಇಷ್ಟು ದಿನ ನಾವು ಅಳೆಯುತ್ತಿದ್ದದ್ದು ಮೇಲ್ಮೈ ಮಾತ್ರ.

ಮುಖ್ಯಸ್ಥರಿಗೆ ತೋರಿಸಿದೆ. ಯಾರು ಕಟ್ಟಿದ್ದು ಎಂದರು. ಕೊಳಾಯಿ ಕೆಲಸದವರು, ನಮ್ಮ ಮಾವ ಎಂದೆ. ನಕ್ಕರು. ನಮ್ಮ ವಾಚು ಕೊಳ್ಳುವವರು ಚರಂಡಿ ಪೈಪಿಗೆ ಕೈ ಹಾಕುವುದಿಲ್ಲ ಮೇಡಂ, ಹನ್ನೆರಡನೆಯ ಕೈಯನ್ನು ಪಟ್ಟಿಯಿಂದ ತೆಗೆದುಬಿಡಿ, ಉಳಿದ ಹನ್ನೊಂದು ಸಾಕು ಎಂದರು. ಮಾತು ಸರಿಯೆನಿಸಿತು, ಹೆಸರು ಹೊಡೆದುಹಾಕಿದೆ. ನಿಜ ಹೇಳಬೇಕೆಂದರೆ ಮನಸ್ಸು ಹಗುರವಾಯಿತು. ವಾಚುಗಳನ್ನು ವಾಪಸು ಮಾಡುವುದು ಕೊನೆಯಲ್ಲೇ, ಅದಕ್ಕೇ ಮನೆಗೆ ತಂದು ಮಾವನ ಕೈಗೆ ಕೊಟ್ಟು, ಇನ್ನಾದರೂ ಜೋಪಾನ ಎಂದೆ. ಪಟ್ಟಿಯ ವಿಷಯ ಹೇಳಲಿಲ್ಲ.

ಏಪ್ರಿಲ್ 15, ಮಂಗಳವಾರ

ಮೆಟ್ಟಿಲಲ್ಲಿ ಟೀಚರಮ್ಮ ಅಡ್ಡ ಹಾಕಿದರು. ಅವರ ಬಚ್ಚಲಲ್ಲಿ ನೀರು ನಿಂತು ನಾಲ್ಕು ದಿನವಾಯಿತಂತೆ. ಕರೆದರೆ ನಿಮ್ಮ ಮಾವ ಬರಲ್ಲ ಅಂದ್ರು, ಸೊಸೆ ಕೆಲಸಕ್ಕೆ ತೊಂದರೆ ಆಗತ್ತಂತೆ, ಏನಮ್ಮ ಅಂಥ ಕೆಲಸ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಮೇಲೆ ಬಂದೆ. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಎಡಗೈ, ಕೈಯಲ್ಲಿ ವಾಚು. ಟೀವಿಯಿಲ್ಲ, ಪತ್ರಿಕೆಯಿಲ್ಲ. ಒಡೆದ ಬಚ್ಚಲ ಗೋಡೆಗೆ ಇನ್ನೂ ಗಾರೆ ಬಿದ್ದಿಲ್ಲ ಎಂದು ಈ ವಾರವೆಲ್ಲ ಗೊಣಗಿದವಳು ನಾನು. ಯಾಕೆ ಬಿದ್ದಿಲ್ಲ ಎಂದು ಯೋಚಿಸಿರಲಿಲ್ಲ. ಆರು ದಿನದಿಂದ ಹೀಗೇ ಕೂತಿದ್ದಾರೆ. ಬಲಗೈಯೊಂದರಲ್ಲೇ ಊಟ, ಬಲಗೈಯೊಂದರಲ್ಲೇ ಸ್ನಾನ.

ಇನ್ನಷ್ಟು ಸಿಟ್ಟು ಬಂತು. ಓಡಾಡಿದರೂ ಕಷ್ಟ, ಕೂತರೂ ಕಷ್ಟ. ಒಳಗೆ ಹೋಗಿ ಚಹಾಕ್ಕಿಟ್ಟು, ಅದು ಉಕ್ಕಿ ಒಲೆಯ ಮೇಲೆಲ್ಲ ಹರಿಯುವವರೆಗೂ ನೋಡುತ್ತ ನಿಂತಿದ್ದೆ.

ಏಪ್ರಿಲ್ 16, ಬುಧವಾರ

ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಹೇಳಿಬಿಟ್ಟೆ. “ಮಾವ, ಆವತ್ತು ನಾನು ಹಾಗನ್ನಬಾರದಿತ್ತು. ನೀವು ಹಿಂಗೆ ಕೂತ್ರೆ ನನಗೆ ಪರೀಕ್ಷೆನೂ ಆಗಲ್ಲ, ಏನೂ ಆಗಲ್ಲ. ಎದ್ದು ಕೆಲಸ ಮಾಡಿ.”

ಅವರು ಚೈನಿನ ಮೇಲೆ ಬೆರಳಾಡಿಸಿದರು. “ನಂಗೆ ಒಂದು ಮಾತು ಹೇಳು. ನಿಮ್ಮ ಮಷಿನ್ನು ಇದನ್ನ ಮಡಚುತ್ತಾ?”

ಮಡಚುವುದಿಲ್ಲ. ಕಲ್ಲುಹರಳುಗಳ ನಡುವೆ ಚೈನು ಗಂಟು ಬೀಳಬಾರದೆಂದು ಪ್ಲಾಸ್ಟಿಕ್ ಅಚ್ಚಿಗೆ ಬಿಗಿದು ಉರುಳಿಸುತ್ತೇವೆ ಎಂದೆ.

“ಹಂಗಾದ್ರೆ ಮೇಲೆ ಉಜ್ಜಿದ್ದು ನೋಡ್ತೀರಿ ಅಷ್ಟೆ. ಪೈಪು ನಡುವೆ ಒಡೆದಿದ್ದು ನಾನು ನೋಡಿರೋದು ಕಮ್ಮಿ ಅಮ್ಮ. ಸೋರೋದೆಲ್ಲ ಜೋಡಣೇಲಿ. ಅಲ್ಲಿ ಒಂದಕ್ಕೊಂದು ಅಲುಗಾಡತ್ತೆ, ಮಣ್ಣು ಕೂರತ್ತೆ, ಉಜ್ಜತ್ತೆ. ನನ್ನ ಕೈ ಕೊಳಕು ಅನ್ನೋದು ನಿಜ. ಆದ್ರೆ ಮಡಚದೇ ಇರೋ ಕೈ ಯಾರದು?”

ಬಸ್ಸಿನಲ್ಲಿ ಕೂತವಳಿಗೆ ತಲೆ ಚಿಟ್ಟು ಹಿಡಿಯಿತು. ಹನ್ನೊಂದು ವರ್ಷ, ಎರಡು ಡಿಪ್ಲೊಮಾ, ಒಂದು ಪ್ರಶಸ್ತಿ ಪತ್ರ. ಚೈನು ಇರುವುದೇ ಮಡಚಲಿಕ್ಕೆ ಎಂದು ಯಾರಿಗೂ ಹೊಳೆಯಲಿಲ್ಲ.

ಏಪ್ರಿಲ್ 18, ಶುಕ್ರವಾರ

ಮಡಚುವ ಪರೀಕ್ಷೆ ಮಾಡೋಣ ಎಂದು ಕೇಳಿದೆ. ನಿಯಮದ ಪುಸ್ತಕದಲ್ಲಿ ಅಂಥದ್ದಿಲ್ಲ, ಸಮಯ ಹಾಳು ಎಂದರು ಮುಖ್ಯಸ್ಥರು. ಸರಿ, ಉಳಿದ ಹನ್ನೊಂದು ವಾಚುಗಳನ್ನಾದರೂ ನೋಡೋಣವೆಂದು ಮೇಜಿಂದ ಮೇಜಿಗೆ ಹೋದೆ. ಏಳನೇ ವಾರ ನಡೆಯುತ್ತಿದೆ. ಫಾರಮ್ಮುಗಳಲ್ಲಿ ಎಲ್ಲರೂ ವಾರವಾರವೂ ‘ಬದಲಾವಣೆ ಇಲ್ಲ’ ಎಂದು ಬರೆದಿದ್ದಾರೆ.

ಬದಲಾವಣೆ ಎಲ್ಲಿಂದ ಬರಬೇಕು? ನಾಲ್ಕು ವಾಚುಗಳ ಲಾಕಿನ ಮೇಲೆ ಪ್ಲಾಸ್ಟಿಕ್ ಹಾಳೆ ಇನ್ನೂ ಅಂಟಿಕೊಂಡೇ ಇದೆ. ಲೆಕ್ಕ ವಿಭಾಗದವರು ಬೀರುವಿನಲ್ಲಿ ಇಟ್ಟಿದ್ದಾರೆ, ಗೀರು ಬಿದ್ದರೆ ಯಾರು ಉತ್ತರ ಹೇಳುವುದು ಎನ್ನುತ್ತಾರೆ. ಒಬ್ಬರು ಕಚೇರಿಗೆ ಬಂದ ಮೇಲೆ ಕಟ್ಟಿಕೊಂಡು, ಊಟಕ್ಕೆ ತೆಗೆದು, ಮನೆಗೆ ಹೋಗುವಾಗ ಪೆಟ್ಟಿಗೆಗೆ ಹಾಕುತ್ತಾರೆ. ಒಬ್ಬರು ಹೆಂಡತಿಗೂ ತೋರಿಸಿಲ್ಲವಂತೆ. ಹತ್ತು ವಾಚು ನೋಡಿದೆ. ಒಂದರ ಕೊಂಡಿಯ ಸಂದಿಯಲ್ಲೂ ಒಂದು ಚೂರು ಧೂಳಿಲ್ಲ. ಹನ್ನೊಂದನೆಯದು ಮುಖ್ಯಸ್ಥರದು. ಅದನ್ನು ಕೇಳುವ ಧೈರ್ಯವಾಗಲಿಲ್ಲ.

ಅಂದರೆ ಇಷ್ಟು ದಿನದಲ್ಲಿ ವಾಚನ್ನು ವಾಚಿನ ಹಾಗೆ ಕಟ್ಟಿದ್ದು ಒಬ್ಬರೇ. ಅವರನ್ನೇ ನಾನು ಪಟ್ಟಿಯಿಂದ ಹೊಡೆದುಹಾಕಿದ್ದೇನೆ.

ಏಪ್ರಿಲ್ 20, ಭಾನುವಾರ

ಊಟದ ಮೇಜು ಹೋಯಿತು. ಹೆಚ್ಚುವರಿ ಪರೀಕ್ಷೆಗೆ ಎಂದು ರಿಜಿಸ್ಟರಿನಲ್ಲಿ ಬರೆದು ನಾಲ್ಕು ಹೊಸ ಚೈನು ಮನೆಗೆ ತಂದಿದ್ದೆ. ಮಾವ ಗುಜರಿ ಅಂಗಡಿಯಿಂದ ಕಾರಿನ ವೈಪರಿನ ಮೋಟಾರು ತಂದರು. ಪೈಪು ಬಿಗಿಯುವ ಕ್ಲಾಂಪು ಎರಡು, ಮರದ ಹಲಗೆ ಒಂದು, ನನ್ನ ಒಳ್ಳೆಯ ಕತ್ತರಿಯ ಅಲಗು ಒಂದು (ಕೇಳದೇ ತೆಗೆದುಕೊಂಡರು). ಚೈನಿನ ಒಂದು ತುದಿ ನಿಲ್ಲುತ್ತದೆ, ಇನ್ನೊಂದು ತುದಿ ನಿಮಿಷಕ್ಕೆ ಮೂವತ್ತು ಸಲ ಮಡಚಿ ಬಿಚ್ಚುತ್ತದೆ. ಮೊದಲ ಸಲ ಶುರು ಮಾಡಿದಾಗ ಹಲಗೆಯ ಸಮೇತ ಮೇಜಿನಿಂದ ಹಾರಿ ಬಿತ್ತು. ಎರಡನೆಯ ಸಲ ಫ್ಯೂಸ್ ಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡೆವು. ನಾನು ಹೇಳಿದ ಕಡೆ ಅವರು ಸ್ಕ್ರೂ ಹಾಕುವುದಿಲ್ಲ, ಅವರು ಹೇಳಿದ್ದು ನನಗೆ ಅರ್ಥವಾಗುವುದಿಲ್ಲ. ಮೂರನೆಯ ಸಲ ಓಡಿತು. ಊಟ ನಿಂತುಕೊಂಡೇ ಆಯಿತು.

ಏಪ್ರಿಲ್ 27, ಭಾನುವಾರ

ನೋಡಿದವರು ಹುಚ್ಚು ಹಿಡಿದಿದೆ ಅನ್ನಬೇಕು. ಒಂದು ಮಾಮೂಲಿ ಕೈ ದಿನಕ್ಕೆ ಎಷ್ಟು ಸಲ ಮಡಚುತ್ತದೆ ಎಂದು ತಿಳಿಯಬೇಕಿತ್ತು. ಆರು ಗಂಟೆಯಿಂದ ಮಾವ ನೋಟ್‌ಬುಕ್ಕು ಹಿಡಿದು ನನ್ನ ಹಿಂದೆಯೇ ಬಂದರು. ಬಾಗಿಲು ತೆಗೆದರೆ ಒಂದು ಗೆರೆ, ತರಕಾರಿ ಹೆಚ್ಚಿದರೆ ಗೆರೆ, ತಲೆ ಬಾಚಿದರೆ ಗೆರೆ. ಮಧ್ಯಾಹ್ನ ಕಚೇರಿಯ ಕಾಗದ ಹರಡಿಕೊಂಡು ಎರಡು ತಾಸು ಟೈಪು ಮಾಡಿದೆ, ಅದಕ್ಕೂ ಗೆರೆ. ಕೆನ್ನೆಗೆ ಕೈ ಕೊಟ್ಟು ಯೋಚಿಸುತ್ತಿದ್ದಾಗ, ಇದು ಲೆಕ್ಕಕ್ಕೆ ಬರತ್ತಾ ಎಂದು ಪಿಸುಗುಟ್ಟಿದರು. ನಗು ತಡೆಯಲಾಗಲಿಲ್ಲ, ನಗುವಾಗ ಕೈ ಅಲ್ಲಾಡಿತು, ಅದಕ್ಕೂ ಒಂದು ಗೆರೆ ಹಾಕಿದರು.

ಇನ್ನೂರ ಅರವತ್ತು.

ಏಪ್ರಿಲ್ 29, ಮಂಗಳವಾರ

ಒರೆಸಿ ಚೊಕ್ಕಟವಾಗಿಟ್ಟ ಚೈನು ನಲವತ್ತು ಸಾವಿರ ಸಲ ಮಡಚಿದರೂ ತಾಳಿತು. ಎರಡನೆಯದಕ್ಕೆ ನನ್ನ ಕೃತಕ ಬೆವರು ಎರಡು ಹನಿ, ನನ್ನದೇ ಕಚೇರಿ ಮೇಜಿನ ಮೇಲಿನ ಧೂಳು ಒಂದು ಚಿಟಿಕೆ ಹಾಕಿದೆವು. ಒಂಬತ್ತು ಸಾವಿರಕ್ಕೆ ಬದಿಯ ಚಿನ್ನ ಪೂರ್ತಿ ಹೋಗಿ ಉಕ್ಕು ಕಾಣಿಸಿತು. ನಂಬಿಕೆ ಬರದೆ ಮೂರನೆಯದನ್ನೂ ನಾಲ್ಕನೆಯದನ್ನೂ ಹಾಕಿದೆ. ಒಂದು ಎಂಟೂವರೆ ಸಾವಿರ, ಒಂದು ಒಂಬತ್ತೂಕಾಲು.

ದಿನಕ್ಕೆ ಇನ್ನೂರ ಅರವತ್ತರಂತೆ ಒಂಬತ್ತು ಸಾವಿರವೆಂದರೆ ಮೂವತ್ತೈದು ದಿನ. ಇಪ್ಪತ್ತು ವರ್ಷವಲ್ಲ, ಮೂವತ್ತೈದು ದಿನ. ಮಾವ ಅದನ್ನು ಹಾಳು ಮಾಡಲಿಲ್ಲ. ಅವರ ಕೈಯಲ್ಲಿ ಸರಿಯಾಗಿ ಅಷ್ಟೇ ದಿನ ಬಾಳಿತ್ತು.

ಮೇ 2, ಶುಕ್ರವಾರ

ನಾದಿನಿ ಫೋನು ಮಾಡಿದ್ದಳು. ಮನೆ ಬೇಗ ಮುಗಿಯಿತಂತೆ, ಮುಂದಿನ ವಾರವೇ ಅಪ್ಪನನ್ನು ಕರೆದುಕೊಂಡು ಹೋಗುತ್ತಾಳಂತೆ, ಪಾಪ ಅತ್ತಿಗೆ ನಿಮಗೆ ಸಾಕಾಗಿರುತ್ತದೆ ಎಂದಳು. ಪರೀಕ್ಷೆ ನಡುವೆ ಇದೆ, ಹೀಗೆ ಹೇಳದೆ ಕೇಳದೆ ಕರೆದುಕೊಂಡು ಹೋದರೆ ಹೇಗೆ ಎಂದು ಸ್ವಲ್ಪ ಜೋರಾಗಿಯೇ ಅಂದೆ. ಆಯ್ತು ಅತ್ತಿಗೆ, ಇಪ್ಪತ್ತೈದಕ್ಕೇ ಬರ್ತೀನಿ ಬಿಡಿ ಎಂದಳು. ಜನ ಅವರವರ ಅನುಕೂಲವನ್ನೇ ನೋಡುತ್ತಾರೆ.

ಮೇ 6, ಮಂಗಳವಾರ

ಮುಖ್ಯಸ್ಥರ ಕೋಣೆಯಲ್ಲಿ ಅವರು, ಮಾರಾಟ ವಿಭಾಗದ ಇಬ್ಬರು, ನಾನು. ಸವೆದ ಚೈನುಗಳನ್ನೂ ಮಾವನ ಗೆರೆಗಳ ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮುಖ್ಯಸ್ಥರು ಚೈನು ಮುಟ್ಟಲೂ ಇಲ್ಲ.

“ಮೇಡಂ, ನಮ್ಮ ಗಿರಾಕಿಗಳು ನಿಮ್ಮ ಮಾವನ ಥರ ಅಲ್ಲ ಅಂತ ಆವತ್ತೇ ಹೇಳಿದ್ದೆ.”

“ಈ ಲೆಕ್ಕ ನಮ್ಮ ಮಾವನದಲ್ಲ ಸರ್. ನಂದು. ಧೂಳು ನನ್ನ ಮೇಜಿಂದು. ನಾನು ಯಾವ ಪೈಪಿಗೂ ಕೈ ಹಾಕಿಲ್ಲ.”

ಹನ್ನೊಂದು ಕೈಗಳಲ್ಲಿ ಏನೂ ಆಗಿಲ್ಲವಲ್ಲ ಎಂದರು ಮಾರಾಟದವರು. ಆ ಕೈಗಳು ಕಟ್ಟಿಯೇ ಇಲ್ಲ ಎಂದೆ. ಹತ್ತನ್ನು ನೋಡಿದ್ದೇನೆ, ಹನ್ನೊಂದನೆಯದನ್ನು ನೋಡಿಲ್ಲ ಎಂದು ಮುಖ್ಯಸ್ಥರ ಕಡೆ ತಿರುಗಿದೆ. ಅವರು ಹಿಂದೇಟು ಹಾಕಿದರು. ಮಾರಾಟದವರು ನೋಡುತ್ತಿದ್ದರು, ಹಾಗಾಗಿ ಡ್ರಾಯರು ಎಳೆಯಲೇಬೇಕಾಯಿತು. ಪೆಟ್ಟಿಗೆ ತೆಗೆದರು. ಲಾಕಿನ ಮೇಲೆ ಹಾಳೆ, ಗಾಜಿನ ಮೇಲೆ ಹಾಳೆ. ಚೈನಿಗೆ ಸುತ್ತಿದ ಕಾಗದ ಕೂಡ ಹಾಗೇ ಇತ್ತು. ಪಕ್ಕದಲ್ಲೇ ಅವರ ಫಾರಮ್ಮು: ಒಂಬತ್ತು ವಾರ, ಒಂಬತ್ತು ‘ಬದಲಾವಣೆ ಇಲ್ಲ’.

ಆಮೇಲೆ ಮುಖ್ಯಸ್ಥರು, ಜಾಹೀರಾತು ಅಚ್ಚಾಗಿದೆ, ಈಗ ಹೇಳಿದರೆ ಏನು ಮಾಡುವುದು, ಫೆಬ್ರವರಿಯಲ್ಲಿ ಸಹಿ ಹಾಕಿದ್ದು ನೀವೇ ತಾನೆ ಎಂದು ಕೂಗಾಡಿದರು. ಅದಂತೂ ಸರಿ. ಆ ವರದಿ ತರಿಸಿ, ‘ಚೈನಿನ ಮಡಿಕೆಗಳನ್ನು ಪರೀಕ್ಷಿಸಿಲ್ಲ, ಆದ್ದರಿಂದ ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ’ ಎಂದು ಸಹಿಯ ಕೆಳಗೆ ಬರೆದು ತಾರೀಖು ಹಾಕಿದೆ. ಮಾವನ ನೋಟ್‌ಬುಕ್ಕು ಎತ್ತಿಕೊಂಡು ಹೊರಗೆ ಬಂದೆ.

ಮೇ 7, ಬುಧವಾರ

ಏನಾಯಿತೆಂದು ಮಾವನಿಗೆ ಹೇಳಿದೆ. ಕೆಲಸ ಹೋಗತ್ತಾ ಎಂದರು. ಗೊತ್ತಿಲ್ಲ ಎಂದೆ. ಎದ್ದು ಚಹಾ ಮಾಡಿ ತಂದರು. ಕಷಾಯದಂತಿತ್ತು, ಸಕ್ಕರೆ ನಾಲ್ಕು ಚಮಚವಾದರೂ ಇರಬೇಕು. ಅರ್ಧ ಕುಡಿದ ಮೇಲೆ ಹೇಳಿದರು, ಒಂದು ದೊಡ್ಡ ಆಸ್ಪತ್ರೆಯ ಪೈಪುಗಳಿಗೆ ಒಮ್ಮೆ ಅವರೂ ನೋಡದೇ ಸಹಿ ಹಾಕಿದ್ದರಂತೆ. ಮೇಲುಸ್ತುವಾರಿಯವನು ಅವಸರ ಮಾಡಿದ್ದ. ಆಮೇಲೆ ಆರು ತಿಂಗಳು, ಕೆಲಸ ಮುಗಿದ ಮೇಲೆ, ಯಾರೂ ಕೇಳದೆ, ಒಂದೊಂದೇ ಜೋಡಣೆ ನೋಡಿ ಬಂದರಂತೆ. ಏನಾದರೂ ಸೋರಿತ್ತೇ ಎಂದು ಕೇಳಿದೆ. “ಎಲ್ಲಾ ಸರಿ ಇತ್ತು. ಆದ್ರೂ ಆ ಆರು ತಿಂಗಳು ನಿಮ್ಮತ್ತೆ ನನ್ನ ಜೊತೆ ಮಾತಾಡ್ಲಿಲ್ಲ, ಎಲ್ಲಿಗೆ ಹೋಗ್ತೀನಿ ಅಂತ ಹೇಳಿರ್ಲಿಲ್ಲ ನೋಡು.”

ಲೋಟ ಖಾಲಿಯಾಗಿತ್ತು. ಆ ಚಹಾ ಹೇಗೆ ಕುಡಿದೆನೋ.

ಮೇ 16, ಶುಕ್ರವಾರ

ತೀರ್ಮಾನ ಬಂತು. ಬಿಡುಗಡೆ ಮುಂದಿನ ವರ್ಷಕ್ಕೆ. ಕೊಂಡಿಗಳನ್ನು ಬಿಡಿಬಿಡಿಯಾಗಿ ಲೇಪಿಸಿ ಬದಿಗಳಿಗೂ ಪೂರ್ತಿ ಪದರ ಕೊಡುತ್ತಾರೆ, ಅಲ್ಲಿ ಹದಿನೈದು ಮೈಕ್ರಾನ್. ‘ಇಪ್ಪತ್ತು ವರ್ಷ’ ಜಾಹೀರಾತಿನಿಂದ ಹೋಯಿತು. ನಿಯಮದ ಪುಸ್ತಕಕ್ಕೆ ಮಡಚುವ ಪರೀಕ್ಷೆ ಸೇರಿತು. ರೂಪಿಸಿದವರು ಎಂಬಲ್ಲಿ ಮುಖ್ಯಸ್ಥರ ಹೆಸರಿದೆ. ವಿಭಾಗದ ಹೊಣೆ ಲೇಪನ ವಿಭಾಗದವರೊಬ್ಬರಿಗೆ ಹೋಯಿತು. ನನ್ನ ಕೆಲಸ ಉಳಿದಿದೆ, ನನ್ನ ಅದೇ ಮುರುಕು ಕುರ್ಚಿಯೂ ಉಳಿದಿದೆ.

ಜೊತೆಗೆ ಹೊಸದೊಂದು ಹೊರೆ. ಹೊಸ ಚೈನುಗಳನ್ನು ಕಟ್ಟಿ ನೋಡಲು, ಈ ಸಲ ಕೆಲಸ ಮಾಡುವ ಕೈಗಳನ್ನೇ ಹುಡುಕಬೇಕಂತೆ. ಬಸ್ ಚಾಲಕರು, ನರ್ಸುಗಳು, ಅಡುಗೆಯವರು. ಹನ್ನೆರಡು ಜನ, ಇಪ್ಪತ್ತನಾಲ್ಕು ವಾರ. ಹುಡುಕುವವಳು ನಾನು. ಬೈದದ್ದು ನನ್ನನ್ನೇ, ಕೆಲಸ ಹೇಳುವುದೂ ನನಗೇ.

ಮೇ 25, ಭಾನುವಾರ

ಇವರು ನಿನ್ನೆ ಬಂದರು, ಕಪ್ಪಗಾಗಿ, ಸಣ್ಣಗಾಗಿ. ಇವತ್ತು ಹತ್ತಕ್ಕೆ ನಾದಿನಿ ಕಾರು ತಂದಳು. ಮಾವನ ಎರಡು ಚೀಲಗಳು ಬಾಗಿಲಲ್ಲಿ ಸಿದ್ಧವಾಗಿದ್ದವು, ಒಂದು ಬಟ್ಟೆಯದು, ಒಂದು ಸಲಕರಣೆಯದು.

ನಾದಿನಿ ಮನೆಯ ವರ್ಣನೆ ಶುರುಮಾಡಿದಳು. ಅಪ್ಪನಿಗೆ ಬೇರೆ ಕೋಣೆ, ದೊಡ್ಡ ಟೀವಿ, ಕೊಳಾಯಿಗಳೆಲ್ಲ ಹೊಸವು, ಹತ್ತು ವರ್ಷ ಒಂದು ಹನಿ ಸೋರುವುದಿಲ್ಲ, ಅಪ್ಪ ಆರಾಮಾಗಿ ಕೂತುಕೊಂಡಿರಬಹುದು. ಕೂತುಕೊಂಡು ಏನು ಮಾಡುತ್ತಾರೆ ಎಂದು ಕೇಳಿದೆ. ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

ಹೊಸ ಪರೀಕ್ಷೆ ನಾಳೆ ಶುರುವಾಗುತ್ತದೆ, ಹಳೆಯ ಚೈನಿಗೂ ಹೊಸ ಚೈನಿಗೂ ಹೋಲಿಸಬೇಕಾದರೆ ಅದೇ ಕೈ ಬೇಕು ಎಂದು ಹೇಳಿದೆ. ವಾಚನ್ನು ನಮ್ಮ ಮನೇಲೂ ಕಟ್ಕೋಬಹುದಲ್ಲ ಅತ್ತಿಗೆ ಎಂದಳು. ಆಗುವುದಿಲ್ಲ, ಶನಿವಾರ ಶನಿವಾರ ನಾನೇ ಭೂತಗನ್ನಡಿಯಲ್ಲಿ ನೋಡಬೇಕು. ಅಲ್ಲದೆ ನಿಮ್ಮ ಕಡೆಯ ನೀರು ಬೇರೆ, ನೀರು ಬದಲಾದರೆ ಫಲಿತಾಂಶ ಬದಲಾಗುತ್ತದೆ ಎಂದೆ. ಇದರಲ್ಲಿ ತಪ್ಪೇನಿದೆ? ನೀರಿನ ಗಡಸುತನ ಲೆಕ್ಕಕ್ಕೆ ಬರುತ್ತದೆ.

ಇವರು ಗೋಡೆಗೊರಗಿ ನಿಂತು ನನ್ನನ್ನೇ ನೋಡುತ್ತಿದ್ದರು. “ಇನ್ನು ಅರವತ್ತೊಂಬತ್ತು ದಿನ ಅಂತ ನಂಗೆ ಮೆಸೇಜು ಹಾಕಿದ್ದು ಯಾರು?”

ಅದು ಬೇರೆ ವಿಷಯ ಎಂದೆ. ಈ ಗಂಡಸರಿಗೆ ಬೇಡದ್ದೆಲ್ಲ ನೆನಪಿರುತ್ತದೆ.

ಅಷ್ಟರಲ್ಲಿ ಮಾವ ಕೆಮ್ಮಿದರು. ಇಷ್ಟು ಹೊತ್ತೂ ಕುರ್ಚಿಯ ತುದಿಯಲ್ಲಿ ಕೂತಿದ್ದರು, ಚಪ್ಪಲಿ ಹಾಕಿಕೊಂಡು. “ಎಲ್ಲರೂ ಮಾತಾಡಿದ್ರಿ. ನನ್ನ ಯಾರೂ ಕೇಳಲಿಲ್ಲ.”

ನಾನೇ ಕೇಳಿದೆ. “ಇರ್ತೀರಾ ಮಾವ?”

“ಎಷ್ಟು ವಾರ ಅಂದೆ?”

“ಇಪ್ಪತ್ನಾಲ್ಕು.”

ತಲೆ ಅಲ್ಲಾಡಿಸಿದರು. “ಸಾಲಲ್ಲ. ಜೋಡಣೆ ನೋಡ್ಬೇಕು ಅಂದ್ರೆ ಬಿಸಿಲು, ಮಳೆ, ಚಳಿ ಮೂರೂ ಕಾಣಿಸ್ಬೇಕು. ಒಂದು ವರ್ಷ ಆದ್ರೂ ಬೇಕು.”

ನಾದಿನಿ ಮುಖ ಊದಿಸಿಕೊಂಡು ಊಟ ಮಾಡಿ ಹೋದಳು. ಸಂಜೆ ನಾನು ಫಾರಮ್ಮು ತೆಗೆದು, ಒಂದನೆಯ ಹೆಸರಿನ ಮುಂದೆ ಅಚ್ಚಾಗಿದ್ದ ಇಪ್ಪತ್ತನಾಲ್ಕನ್ನು ಹೊಡೆದುಹಾಕಿ ಐವತ್ತೆರಡು ಎಂದು ಬರೆದೆ. ನಾಳೆ ಮುಖ್ಯಸ್ಥರು ಕೂಗಾಡುತ್ತಾರೆ. ಕೂಗಾಡಲಿ.